ನೀವು ಕೇಳಿದಿರಿ: ಕೊಸೆಯಿ ಇನೊಯೆ, ಮ್ಯಾಟ್‌ನಿಂದ ಕೋಚ್ ಕುರ್ಚಿಗೆ

ಪ್ರಶ್ನೆ: ಜಪಾನಿನ ಜೂಡೊ ಕೋಚ್ ಆಗಿದ್ದ ಕೊಸೆಯಿ ಇನೊಯೆ ಆಟಗಾರರಾಗಿ ಎಷ್ಟು ದೊಡ್ಡವರು? (ಧಾರವಾಡ)

ಉತ್ತರ: ಅವರ ಕಾಲದಲ್ಲಿ 100 ಕೆ.ಜಿ. ವಿಭಾಗದಲ್ಲಿ ಅವರಿಗೆ ಸಾಟಿಯಿರಲಿಲ್ಲ. 1978ರಲ್ಲಿ ಮಿಯಾಝಾಕಿಯಲ್ಲಿ ಹುಟ್ಟಿದರು. ತಂದೆ ಪೊಲೀಸ್ ಕೆಲಸದಲ್ಲಿದ್ದವರು, ಜೂಡೊ ಪಟುವೂ ಹೌದು. 1999, 2001, 2003ರಲ್ಲಿ ವಿಶ್ವ ಚಾಂಪಿಯನ್. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಐದೂ ಪಂದ್ಯಗಳನ್ನು ಇಪ್ಪೊನ್‌ನಿಂದ, ಅಂದರೆ ಅಲ್ಲಿಗೇ ಪಂದ್ಯ ಮುಗಿಸುವ ಪೂರ್ಣ ಅಂಕದಿಂದ ಗೆದ್ದರು. ಹಿಂದಿನ ವರ್ಷ ತೀರಿಕೊಂಡಿದ್ದ ತಾಯಿಯ ಫೋಟೊ ಹಿಡಿದೇ ಪದಕ ವೇದಿಕೆ ಹತ್ತಿದರು.

ಆಮೇಲಿನದು ಇಳಿಜಾರು. 2004ರ ಅಥೆನ್ಸ್‌ನಲ್ಲಿ ಜಪಾನ್ ತಂಡದ ನಾಯಕರಾಗಿ ಹೋಗಿ, ಕ್ವಾರ್ಟರ್ ಫೈನಲ್‌ನಲ್ಲೂ ರೆಪಶಾಜ್‌ನಲ್ಲೂ (ಸೋತವರಿಗೆ ಕಂಚಿಗಾಗಿ ಸಿಗುವ ಇನ್ನೊಂದು ಅವಕಾಶ) ಸೋತು ಬರಿಗೈಯಲ್ಲಿ ಮರಳಿದರು. 2005ರ ಜನವರಿಯಲ್ಲಿ ಎದೆಯ ಸ್ನಾಯು ಹರಿಯಿತು. ತೂಕ ಏರಿಸಿ 100 ಕೆ.ಜಿ. ಮೇಲ್ಪಟ್ಟ ವಿಭಾಗಕ್ಕೆ ಹೋದರೂ ಬೀಜಿಂಗ್‌ಗೆ ಆಯ್ಕೆಯಾಗಲಿಲ್ಲ, 2008ರಲ್ಲೇ ನಿವೃತ್ತಿ.

ಪ್ರಶ್ನೆ: ಅವರ ಹೆಸರಿನ ಜೊತೆ ಸದಾ ಕೇಳಿಬರುವ 'ಉಚಿಮಾಟಾ' ಪಟ್ಟು ಹೇಗೆ? ನಮ್ಮ ಹುಡುಗರು ಮಾಡಹೋಗಿ ತಾವೇ ಬೀಳುತ್ತಾರೆ. (ದಾವಣಗೆರೆ)

ಉತ್ತರ: ಕಾಲಿನಿಂದ ಶುರು ಮಾಡುತ್ತಾರೆ, ಅದಕ್ಕೇ ಬೀಳುತ್ತಾರೆ. ಈ ಪಟ್ಟು ಶುರುವಾಗುವುದು ಕೈಯಿಂದ.

ಬಲಗೈ ಆಟಗಾರ ಎಡಗೈಯಲ್ಲಿ ಎದುರಾಳಿಯ ಬಲತೋಳಿನ ಬಟ್ಟೆಯನ್ನೂ ಬಲಗೈಯಲ್ಲಿ ಅವನ ಎಡಬದಿಯ ಕಾಲರನ್ನೂ ಹಿಡಿಯುತ್ತಾನೆ. ಮೊದಲು ಎಡಗೈ ಮೇಲಕ್ಕೂ ಹೊರಕ್ಕೂ ಎಳೆಯಬೇಕು, ಕೈಗಡಿಯಾರ ನೋಡುವಾಗ ಮಣಿಕಟ್ಟು ಏಳುವಷ್ಟು ಎತ್ತರಕ್ಕೆ. ಎದುರಾಳಿಯ ಹಿಮ್ಮಡಿ ಎದ್ದು ಭಾರ ಅವನ ಕಾಲ್ಬೆರಳಿಗೆ ಬಂದ ಕ್ಷಣದಲ್ಲಿ ಬಲಪಾದ ಮುಂದಿಟ್ಟು, ಎಡಪಾದವನ್ನು ಹಿಂದಿನಿಂದ ಅವನೆರಡು ಪಾದಗಳ ನಡುವಿನ ಜಾಗಕ್ಕೆ ತಂದು, ಮೈ ತಿರುಗಿಸಿ, ಬಲಗಾಲಿನಿಂದ ಅವನ ಎಡತೊಡೆಯ ಒಳಭಾಗವನ್ನು ಮೇಲಕ್ಕೆ ಬೀಸಬೇಕು.

ಎಡಗೈ ಕೆಳಕ್ಕೆ ಎಳೆದರೆ ಎದುರಾಳಿ ಹಿಮ್ಮಡಿಯ ಮೇಲೇ ನಿಂತಿರುತ್ತಾನೆ, ಎಷ್ಟು ಬೀಸಿದರೂ ಅಲುಗುವುದಿಲ್ಲ. ಎಡಪಾದ ದೂರ ಉಳಿದರೆ ಸೊಂಟ ಹತ್ತಿರ ಬಾರದೆ ಒಂಟಿಕಾಲಿನಲ್ಲಿ ಕುಪ್ಪಳಿಸಬೇಕಾಗುತ್ತದೆ. ಅನುಭವಿ ಎದುರಾಳಿಯಾದರೆ ತೊಡೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಾನೆ. ಬೀಸಿದ ಕಾಲು ಗಾಳಿಗೆ ಹೋಗಿ, ಬೀಸಿದವನೇ ಉರುಳುತ್ತಾನೆ. ಈ ಮರುಪಟ್ಟಿಗೆ ಉಚಿಮಾಟಾ ಸುಕಾಶಿ ಎನ್ನುತ್ತಾರೆ. ಇನ್ನು, ತಲೆಯನ್ನು ಮ್ಯಾಟ್‌ಗೆ ಊರಿ ಎಸೆಯಲು ಹೋದರೆ ನೇರ ಅನರ್ಹತೆ. ಕತ್ತು ಮುರಿಯುವ ಅಪಾಯವಿರುವುದರಿಂದ ಈ ನಿಯಮದಲ್ಲಿ ರಿಯಾಯಿತಿ ಇಲ್ಲ. ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳಿ.

ಪ್ರಶ್ನೆ: ಚಿನ್ನ ಗೆದ್ದವರೆಲ್ಲ ಒಳ್ಳೆಯ ಕೋಚ್ ಆಗುವುದಿಲ್ಲ. ಇವರು ಬಂದ ಮೇಲೆ ಏನು ಬದಲಾಯಿತು? (ಮೈಸೂರು)

ಉತ್ತರ: 2012ರ ಲಂಡನ್‌ನಲ್ಲಿ ಜಪಾನ್ ಪುರುಷರಿಗೆ ಒಂದೂ ಚಿನ್ನ ಬರಲಿಲ್ಲ. 1964ರಲ್ಲಿ ಜೂಡೊ ಒಲಿಂಪಿಕ್ಸ್‌ಗೆ ಸೇರಿದಾಗಿನಿಂದ ಅವರು ಹಾಗೆ ಮರಳಿದ್ದು ಅದೇ ಮೊದಲು. ಆ ವರ್ಷದ ಕೊನೆಗೆ ಇನೊಯೆ ಮುಖ್ಯ ಕೋಚ್ ಆದಾಗ ವಯಸ್ಸು 34. ಅದಕ್ಕೂ ಮೊದಲು ಸುಮಾರು ಎರಡು ವರ್ಷ ಬ್ರಿಟನ್ನಿನಲ್ಲಿದ್ದು ಕೋಚಿಂಗ್ ಕಲಿತಿದ್ದರು. ಆ ಎರಡು ವರ್ಷ ಅವರ ಪದಕಗಳಿಗಿಂತ ಹೆಚ್ಚು ಕೆಲಸಕ್ಕೆ ಬಂತು ಎನ್ನುವುದು ನಮ್ಮ ಅಭಿಪ್ರಾಯ.

ಜೂಡೊಗೆ ಬೇಕಾದ ಮೈಕಟ್ಟು ಜೂಡೊ ಆಡಿದರೇ ಬರುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರು ಬಿಟ್ಟರು. ದೇಹದಾರ್ಢ್ಯ ಬಲ್ಲ ತಜ್ಞ ತಕಾಶಿ ಒಕಾಡಾ ಅವರಿಗೆ ಮೈಕಟ್ಟಿನ ಹೊಣೆ ವಹಿಸಿ, ವೇಟ್ ಟ್ರೇನಿಂಗ್, ಆಹಾರ, ಮೈಕೊಬ್ಬಿನ ಪ್ರಮಾಣ ಎಲ್ಲವನ್ನೂ ಲೆಕ್ಕಕ್ಕೆ ತಂದರು. ಯುರೋಪಿನವರು ಸೊಂಟ ಹಿಡಿದು, ಬೆನ್ನ ಮೇಲಿಂದ ಕೈ ಹಾಕಿ ಆಡುವ ಒರಟು ಶೈಲಿಗೆ ಒಗ್ಗಲೆಂದು ರಷ್ಯಾದ ಕುಸ್ತಿ ಸಾಂಬೊ, ನೆಲದ ಮೇಲಿನ ಹಿಡಿತಗಳ ಬ್ರೆಜಿಲಿಯನ್ ಜಿಯು ಜಿತ್ಸು ಅಭ್ಯಾಸ ಮಾಡಿಸಿದರು. ಎದುರಾಳಿಗಳ ವಿಡಿಯೊ ವಿಶ್ಲೇಷಣೆಗೆ 'ಗೊಜಿರಾ' ಎಂಬ ಸಾಫ್ಟ್‌ವೇರ್ ಬಳಕೆಗೆ ಬಂತು: ಯಾರು ಯಾವ ಕೈ ಹಿಡಿತದಿಂದ ಯಾವ ಪಟ್ಟು ಹಾಕುತ್ತಾರೆ, ಯಾವ ರೆಫರಿ ಎಷ್ಟು ಬೇಗ ಎಚ್ಚರಿಕೆ ಕೊಡುತ್ತಾರೆ, ಇಂಥವು. ಶಿಬಿರದಲ್ಲಿ ಚಹಾ ವಿಧಿ, ಕುಂಬಾರಿಕೆ ಕೂಡ ಇದ್ದವು. ಅದರಿಂದ ಎಷ್ಟು ಅಂಕ ಬಂತೋ, ನಾವಂತೂ ಲೆಕ್ಕ ಹಾಕಲು ಹೋಗುವುದಿಲ್ಲ!

2016ರ ರಿಯೊದಲ್ಲಿ ಏಳಕ್ಕೆ ಏಳೂ ವಿಭಾಗಗಳಲ್ಲಿ ಪದಕ, ಅದರಲ್ಲಿ ಎರಡು ಚಿನ್ನ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಪುರುಷರಿಗೆ ಐದು ಚಿನ್ನ. ಮಿಶ್ರ ತಂಡದ ಫೈನಲ್‌ನಲ್ಲಿ ಮಾತ್ರ ಫ್ರಾನ್ಸ್ ಎದುರು 1–4ರಿಂದ ಸೋಲು.

ಪ್ರಶ್ನೆ: ಕೋಚ್ ಕೆಲಸದಲ್ಲಿ ಅತಿ ಕಷ್ಟದ್ದು ಯಾವುದು? (ಶಿವಮೊಗ್ಗ)

ಉತ್ತರ: ಜಪಾನಿನಲ್ಲಂತೂ ಆಯ್ಕೆ. ಒಲಿಂಪಿಕ್ಸ್‌ಗೆ ಒಂದು ವಿಭಾಗದಲ್ಲಿ ಒಂದು ದೇಶದಿಂದ ಒಬ್ಬರೇ. ವಿಶ್ವ ಚಾಂಪಿಯನ್ ಆದವನೂ ಮನೆಯಲ್ಲಿ ಕೂರಬೇಕಾಗಬಹುದು. 2020ರ ಫೆಬ್ರುವರಿಯಲ್ಲಿ ತಂಡ ಪ್ರಕಟಿಸುವಾಗ, ಆಯ್ಕೆಯಾಗದವರ ಹೆಸರು ಹೇಳುತ್ತ ಇನೊಯೆ ಅತ್ತುಬಿಟ್ಟರು. 66 ಕೆ.ಜಿ. ಆಯ್ಕೆ ಆಗಲೂ ಬಗೆಹರಿಯಲಿಲ್ಲ. ಕೊನೆಗೆ ಡಿಸೆಂಬರ್ 13ರಂದು ಜೂಡೊದ ಮೂಲ ಕೇಂದ್ರವಾದ ಟೋಕಿಯೊದ ಕೊಡೊಕಾನ್‌ನಲ್ಲಿ, ಪ್ರೇಕ್ಷಕರಿಲ್ಲದೆ, ಹಿಫುಮಿ ಅಬೆ ಮತ್ತು ಜೊಶಿರೊ ಮರುಯಾಮಾ ಒಂದೇ ಪಂದ್ಯ ಆಡಿದರು. ಮಾಮೂಲಿ ಅವಧಿ 4 ನಿಮಿಷ; ಇದು 24 ನಿಮಿಷ ಎಳೆಯಿತು. ಗೆದ್ದ ಅಬೆ ಮುಂದೆ ಟೋಕಿಯೊದಲ್ಲಿ ಚಿನ್ನ ಗೆದ್ದರು.

ಪ್ರಶ್ನೆ: ಈಗಲೂ ಅವರೇ ಕೋಚ್ ಆಗಿದ್ದಾರಾ? (ಹಾಸನ)

ಉತ್ತರ: ಇಲ್ಲ. ಟೋಕಿಯೊ ಮುಗಿದ ಮೇಲೆ 2021ರಲ್ಲೇ ಇಳಿದರು. ನಂತರ ಬಂದವರು ಕೇಜಿ ಸುಝುಕಿ. ಇನೊಯೆ ಸೋತ ಅಥೆನ್ಸ್‌ನಲ್ಲೇ 100 ಕೆ.ಜಿ. ಮೇಲ್ಪಟ್ಟ ವಿಭಾಗದ ಚಿನ್ನ ಗೆದ್ದವರು.