‘ಪೋನೀಯ್’ ಅನ್ನೋದು ಸುಲಭ, ಸ್ವಾಮಿ

ಪತ್ರ: ಕಳೆದ ಸಂಚಿಕೆಯ ನಿಕಿ ಲೌಡಾ ಲೇಖನ ಓದಿದೆ. ಮೂರು ಸಲ ಫಾರ್ಮುಲಾ ಒನ್ ಚಾಂಪಿಯನ್ ಇರಬಹುದು. ಆದರೆ 1976ರಲ್ಲಿ ಜಪಾನಿನ ಕೊನೆಯ ರೇಸಿನಲ್ಲಿ ಮಳೆಗೆ ಹೆದರಿ ಎರಡೇ ಸುತ್ತಿಗೆ ಕಾರಿನಿಂದ ಇಳಿದ. ಒಂದು ಪಾಯಿಂಟಿನಲ್ಲಿ ಪ್ರಶಸ್ತಿ ಜೇಮ್ಸ್ ಹಂಟ್ ಪಾಲಾಯಿತು. ಗಂಡಸು ಅಂದರೆ ಹಂಟ್. ನನ್ನ ಮಗನಿಗೂ ಅದೇ ಗುಂಡಿಗೆ, ಬೈಕಿನಲ್ಲಿ 20 ನಿಮಿಷಕ್ಕೆ ಕೋಲಾರ ಮುಟ್ಟುತ್ತಾನೆ. ಇಳಿದು ಹೋದವನನ್ನು ನೀವು ಹೊತ್ತು ಮೆರೆಸಿದ್ದೇಕೆ?
– ಒಬ್ಬ ಓದುಗ, ಮುಳಬಾಗಿಲು

ಸಂಪಾದಕರ ಉತ್ತರ: ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಇಡೀ ಪತ್ರದಲ್ಲಿ ಒಂದು ಕಡೆಯೂ ಹೊಡೆದು ಬರೆದಿಲ್ಲ. ಇಷ್ಟು ತಾಳ್ಮೆ ಇರೋರು ಇಂಥ ಅವಸರದ ಮಾತು ಆಡೋದಾ?

ಹಂಟ್ ಬಗ್ಗೆ ನನಗೆ ತಕರಾರಿಲ್ಲ. ಆವತ್ತು ಟೈರ್ ಕೈಕೊಟ್ಟು ಹಿಂದೆ ಬಿದ್ದವನು ಮತ್ತೆ ಮೂರನೇ ಸ್ಥಾನಕ್ಕೆ ಬಂದ. ಚಾಂಪಿಯನ್ ಆಗಿದ್ದೇನೆ ಅಂತ ಅವನಿಗೇ ಗೊತ್ತಿರಲಿಲ್ಲ. 69ಕ್ಕೆ 68. ಒಳ್ಳೆ ಡ್ರೈವರ್, ಒಪ್ಪಿದೆ.

ಈಗ ಇಳಿದವನ ಕಥೆ ಕೇಳಿ. ಲೌಡಾ ವಿಯೆನ್ನಾದ ಸಿರಿವಂತರ ಮನೆ ಹುಡುಗ. ರೇಸ್ ಹುಚ್ಚಿಗೆ ಮನೆಯವರು ಕಾಸು ಬಿಚ್ಚಲಿಲ್ಲ. ಜೀವವಿಮೆ ಪಾಲಿಸಿ ಅಡ ಇಟ್ಟು ಬ್ಯಾಂಕಲ್ಲಿ ಸಾಲ ಎತ್ತಿ ಕಾರು ಹತ್ತಿದ. ಅಂಥವನು ಪುಕ್ಕಲನಾ? ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ ಒಂದು ಸುತ್ತು ಆಗ ಸುಮಾರು 23 ಕಿ.ಮೀ. ನಿಮ್ಮೂರಿಂದ ಕೋಲಾರಕ್ಕೆ ಮುಕ್ಕಾಲು ದಾರಿ ಅಂದ್ಕೊಳ್ಳಿ. 1975ರಲ್ಲಿ ಅದನ್ನು 6 ನಿಮಿಷ 58.6 ಸೆಕೆಂಡಿನಲ್ಲಿ ಸುತ್ತಿದ. ಏಳು ನಿಮಿಷದ ಒಳಗೆ ಮುಗಿಸಿದ ಮೊದಲಿಗ ಅವನೇ. ಮರುವರ್ಷ ಅದೇ ಟ್ರ್ಯಾಕ್ ನೋಡಿ, ಇದು ಅಪಾಯ, ಇಲ್ಲಿ ಓಡಿಸೋದು ಬೇಡ ಅಂದವನೂ ಅವನೇ. ಡ್ರೈವರುಗಳು ಓಟು ಹಾಕಿದರು. ಲೌಡಾ ಮಾತು ಬಿದ್ದುಹೋಯಿತು. ಆಗಸ್ಟ್ 1ರಂದು ಅವನ ಕಾರೇ ಅಲ್ಲಿ ಹೊತ್ತಿ ಉರಿಯಿತು.

ನಾಲ್ವರು ಡ್ರೈವರುಗಳು ಬೆಂಕಿಗೆ ನುಗ್ಗಿ ಎಳೆದರು. ಆಸ್ಪತ್ರೆಗೆ ಪಾದ್ರಿ ಬಂದು ಕೊನೆಯ ಪ್ರಾರ್ಥನೆಯನ್ನೂ ಮುಗಿಸಿದ್ದರು. 42 ದಿನ ಕಳೆದಿದ್ದೇ ತಡ, ತಲೆಗೆ ಪಟ್ಟಿ ಸುತ್ತಿಕೊಂಡು ಇಟಲಿಯ ಮೋಂಜಾದಲ್ಲಿ ಕಾರು ಹತ್ತಿದ. ನಾಲ್ಕನೆಯವನಾಗಿ ಬಂದ. ಅದಾಗಿ ಆರು ವಾರಕ್ಕೆ ಜಪಾನಿನ ಫ್ಯೂಜಿ. ಸುರಿಯೋ ಮಳೆ, ಜೊತೆಗೆ ಮಂಜು. ಸುಟ್ಟ ರೆಪ್ಪೆ ನೆಟ್ಟಗೆ ಮುಚ್ಚುತ್ತಿರಲಿಲ್ಲ. ಎರಡು ಬಾರಿಯ ಚಾಂಪಿಯನ್ ಎಮರ್ಸನ್ ಫಿಟಿಪಾಲ್ಡಿಯೂ ಆವತ್ತು ಕಾರು ನಿಲ್ಲಿಸಿ ಇಳಿದ. ಅವನ ಹೆಸರು ನಿಮ್ಮ ಪತ್ರದಲ್ಲಿ ಕಾಣಲಿಲ್ಲ!

ನನಗೆ ಜಾಸ್ತಿ ಹಿಡಿಸಿದ್ದು ಇಳಿದ ಮೇಲಿನ ಮಾತು. ಇಂಜಿನ್ ಕೆಟ್ಟಿತು ಅಂತ ಹೇಳಿಬಿಡೋಣ ಅಂತ ತಂಡದ ಇಂಜಿನಿಯರ್ ಅಂದ. ಬೇಡ, ಓಡಿಸೋಕೆ ಆಗಲ್ಲ ಅಂತ ನಾನೇ ನಿಲ್ಲಿಸಿದೆ ಎಂದ ಲೌಡಾ. ನಾವಾಗಿದ್ದರೆ ಇಂಜಿನ್ ಜೊತೆ ಗೇರ್‌ಬಾಕ್ಸನ್ನೂ ಸೇರಿಸಿ ಹೇಳುತ್ತಿದ್ದೆವು, ಅಲ್ವಾ?

ನನ್ನ ಸೋದರಮಾವ ಸರ್ಕಾರಿ ಬಸ್ಸಿನ ಡ್ರೈವರ್. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಅವರ ಬಸ್ಸಿನಲ್ಲೇ ಕೋಲಾರಕ್ಕೆ ಬರುತ್ತಿದ್ದೆ. ಜೋರು ಮಳೆ, ವೈಪರ್ ಕೈಕೊಟ್ಟಿತು. ಮಾವ ಇಳಿದು, ನಾಲ್ಕು ಬೀಡಿ ಬಿಚ್ಚಿ, ಹೊಗೆಸೊಪ್ಪಿನ ಪುಡಿಯನ್ನು ಗಾಜಿಗೆ ಅಂಗೈಯಲ್ಲಿ ತಿಕ್ಕಿದರು. ಗಾಜಿನ ಮೇಲೆ ನೀರು ನಿಲ್ಲಬಾರದು ಅಂತ ಆಗಿನ ಡ್ರೈವರುಗಳು ಮಾಡುತ್ತಿದ್ದ ಉಪಾಯ. ಒಂದೆರಡು ಮೈಲಿ ಹೋದೆವು. ಆಮೇಲೆ ಅದೂ ತೊಳೆದುಹೋಯಿತು. ಒಂದು ಹುಣಸೆಮರ ದಾಟಿ, ತಗ್ಗಿನ ಕಡೆ ಬಸ್ ಹಾಕಿ ನಿಲ್ಲಿಸಿಬಿಟ್ಟರು. ಹಿಂದಿನ ಸೀಟಿಂದ ಶುರುವಾಯಿತು ನೋಡಿ: ‘ಪೋನೀಯ್ ಡ್ರೈವರಣ್ಣಾ, ಪೋನೀಯ್!’ ನಮ್ಮ ಗಡಿ ಸೀಮೆಯ ತೆಲುಗು, ‘ಹೋಗ್ಲಿ, ಓಡಿಸು’ ಅಂತ. ಒಬ್ಬರು ಬಳೆ ತೊಟ್ಟುಕೋ ಅಂದರು. ಮಾವ ಒಂದು ಮಾತೂ ಆಡದೆ ಉಳಿದ ಬೀಡಿ ಹಚ್ಚಿದರು. ಮುಕ್ಕಾಲು ಗಂಟೆ. ನಿಜ ಹೇಳಲಾ? ಆವತ್ತು ನನಗೂ ನಾಚಿಕೆಯಾಗಿತ್ತು. ಇವರು ನಮ್ಮ ಮಾವ ಅಂತ ಯಾರಿಗೂ ಹೇಳಲಿಲ್ಲ.

ನಿಲ್ಲಿಸಿದವನಿಗೆ ನಮ್ಮ ಮಾತಿನಲ್ಲಿ ಒಂದು ಒಳ್ಳೆ ಪದವೂ ಇಲ್ಲ. ಹಿಂದೇಟು ಹಾಕಿದ, ಬಾಲ ಮುದುರಿದ, ಬೆನ್ನು ತೋರಿಸಿದ, ಬರೀ ಬೈಗುಳ. ಟೊಮೇಟೊ ಸೀಸನ್ನಿನಲ್ಲಿ ಕೋಲಾರದ ಮಂಡಿಗೆ ಬರೋ ಪಿಕಪ್‌ಗಳನ್ನು ನೋಡಿ. 15 ಕೆ.ಜಿ.ಯ ಬಾಕ್ಸುಗಳನ್ನು ಆಳೆತ್ತರ ಪೇರಿಸಿಕೊಂಡು, ಹರಾಜಿಗೆ ಮುಂಚೆ ಮುಟ್ಟಬೇಕು ಅಂತ ಹಾರಿಕೊಂಡು ಬರುತ್ತವೆ. ರಾತ್ರಿ ದಾರಿ ಕಾಣಲಿಲ್ಲ ಅಂತ ಟೀ ಅಂಗಡಿ ಹತ್ತಿರ ನಿಲ್ಲಿಸಿದ ಡ್ರೈವರ್‌ಗೆ ಮಾಲೀಕ ಭೇಷ್ ಅಂದಿದ್ದನ್ನು ಕೇಳಿದ್ದೀರಾ? ಅವನ ಬಾಡಿಗೆ ಮುರೀತಾರೆ. ಇನ್ನು ನಮ್ಮ ಸರ್ಕಲ್‌ಗಳ ಫ್ಲೆಕ್ಸು. ಬೈಕಿನ ಮೇಲೆ ಕೂತ ಹುಡುಗನ ಫೋಟೊ, ಕೂಲಿಂಗ್ ಗ್ಲಾಸು, ಕೆಳಗೆ ‘ಮತ್ತೆ ಹುಟ್ಟಿ ಬಾ’. ಆ ಫೋಟೊ ತೆಗೆದವರೇ ಫ್ಲೆಕ್ಸಿಗೂ ಚಂದಾ ಎತ್ತಿರುತ್ತಾರೆ.

ಪತ್ರಿಕೆಯವರಾದ ನಾವೇನು ಕಮ್ಮಿಯಿಲ್ಲ. ವರ್ಷಾನುಗಟ್ಟಲೆ ಅಪಘಾತ ಮಾಡದ ಚಾಲಕರಿಗೆ ಕೆಎಸ್‌ಆರ್‌ಟಿಸಿ ಬೆಳ್ಳಿ ಪದಕ ಕೊಡುತ್ತದೆ. ಆ ಸುದ್ದಿಯನ್ನು ನಾನೇ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿಸಿದ್ದೇನೆ. ನಮ್ಮ ಮಾವನಿಗೂ ಒಂದು ಬಂದಿತ್ತು. ಎಲೆ ಅಡಿಕೆ ಡಬ್ಬಿಯಲ್ಲಿ ಸುಣ್ಣದ ಕಾಯಿ ಪಕ್ಕ ಬಿದ್ದಿರುತ್ತಿತ್ತು.

ಲೌಡಾಗೆ ಬರ್ತೀನಿ. ಇಳಿದ ಮರುವರ್ಷ, 1977ರಲ್ಲಿ, ಮತ್ತೆ ಚಾಂಪಿಯನ್ ಆದ. 1979ರಲ್ಲಿ ಕೆನಡಾದಲ್ಲಿ ಪ್ರಾಕ್ಟೀಸ್ ನಡುವೆಯೇ ಸಾಕು ಅಂತ ಎದ್ದು ಹೋದ. 1982ರಲ್ಲಿ ವಾಪಸ್ ಬಂದ. 1984ರಲ್ಲಿ ಆಲನ್ ಪ್ರಾಸ್ಟ್ ಏಳು ರೇಸ್ ಗೆದ್ದ, ಲೌಡಾ ಐದೇ. ಚಾಂಪಿಯನ್ ಆಗಿದ್ದು ಮಾತ್ರ ಲೌಡಾ, ಅರ್ಧ ಪಾಯಿಂಟಿನಲ್ಲಿ. ಆ ವರ್ಷ ಮೊನಾಕೊ ರೇಸನ್ನು ಮಧ್ಯದಲ್ಲೇ ನಿಲ್ಲಿಸಿ, ಗೆದ್ದ ಪ್ರಾಸ್ಟ್‌ಗೆ ಗೆಲುವಿನ ಅಂಕಗಳಲ್ಲಿ ಅರ್ಧದಷ್ಟು ಮಾತ್ರ ಕೊಟ್ಟಿದ್ದರು. ನಿಲ್ಲಿಸಿದ್ದು ಯಾಕೆ ಗೊತ್ತಾ? ಮಳೆ! ಲೌಡಾ ತೀರಿಕೊಂಡಿದ್ದು 2019ರಲ್ಲಿ, 70 ವರ್ಷ ಬಾಳಿ.

ಇನ್ನು ನಿಮ್ಮ ಮಗ. ಸುಮಾರು 30 ಕಿ.ಮೀ. ದಾರಿಗೆ 20 ನಿಮಿಷ ಅಂದರೆ ಲೆಕ್ಕ ಹಾಕಿ ನೋಡಿ, ಗಂಟೆಗೆ 90 ಕಿ.ಮೀ. ಎಲ್ಲೂ ನಿಲ್ಲದೆ. ನಡುವೆ ಊರುಗಳಿವೆ, ಅಡ್ಡ ಬರೋ ಹಸುಗಳಿವೆ, ರಾಂಗ್ ಸೈಡಲ್ಲಿ ಬರೋ ಟ್ರ್ಯಾಕ್ಟರುಗಳಿವೆ. ಅಷ್ಟು ಉದ್ದದ ಪತ್ರದಲ್ಲಿ ಹೆಲ್ಮೆಟ್ ಅನ್ನೋ ಪದ ಒಂದು ಸಲವೂ ಬಂದಿಲ್ಲ. ಹಾಕ್ತಾನಾ? ಬೆಲ್ಟ್ ಬಿಗೀತಾನಾ? ಇನ್ನೊಂದು ಕಾರ್ಡು ಹಾಕಿ ತಿಳಿಸಿ. ಆ ಪತ್ರವನ್ನೂ ಅಚ್ಚು ಹಾಕ್ತೀನಿ.
– ಸಂ.