ಕಾಯಿಲೆ ಏನು ಅಂತಲೇ ಗೊತ್ತಾಗದ ನಾಯಿಯನ್ನು ಇಟ್ಟುಕೊಂಡು ಹೇಗೆ ತಡೆದುಕೊಂಡಿರಿ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಐದು ವರ್ಷದ ಲ್ಯಾಬ್ರಡಾರ್ ನಾಯಿ, ಮೂರು ತಿಂಗಳಿಂದ ಒಂದು ವಾರ ಹುಷಾರು, ಇನ್ನೊಂದು ವಾರ ಮಂಕು. ಮೂವರು ಡಾಕ್ಟರು ಮೂರು ಹೆಸರು ಹೇಳಿದ್ದಾರೆ. ಮನೆಯಲ್ಲಿ "ನಾಯಿಗೆ ಇಷ್ಟೆಲ್ಲ ಯಾಕೆ" ಅನ್ನುತ್ತಾರೆ, ನಿಮಗೆ ರಾತ್ರಿ ನಿದ್ದೆ ಇಲ್ಲ. ನೀವು ಸಾಗರದ ಕಡೆಯವರು. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ತೋಟದ ಮನೆ. 2021ರ ಮಳೆಗಾಲದಿಂದ ದೀಪಾವಳಿಯವರೆಗೆ ನಾನೂ ನಿಮ್ಮ ಹಾಗೇ ಇದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ನಮ್ಮ ನಾಯಿಗಿದ್ದ ಕಾಯಿಲೆಯೇ ನಿಮ್ಮದಕ್ಕೂ ಅಂತ ಹೇಳುತ್ತಲೂ ಇಲ್ಲ.

ನಮ್ಮ ಕೆಂಚಿ ಜಾತಿ ನಾಯಿಯಲ್ಲ. ಕೊಪ್ಪದ ರಸ್ತೆಯಲ್ಲಿ ಸಿಕ್ಕ ಕೆಂದು ಬಣ್ಣದ ಮರಿ. 2021ರಲ್ಲಿ ಅವಳಿಗೆ ನಾಲ್ಕು ವರ್ಷ. ಆಗಸ್ಟ್‌ನಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವವರು ಬಂದ ಮರುದಿನ ವಾಂತಿ ಶುರುವಾಯಿತು. ಅನ್ನ ಮುಟ್ಟಲಿಲ್ಲ, ಹಿಂಗಾಲು ನಡುಗುತ್ತಿತ್ತು. ಆ ಔಷಧಿಗೆ ಕಲಸಿದ ಮೈಲುತುತ್ತದ ನೀರು ಕುಡಿದಿರಬೇಕು ಅಂತ ಎಲ್ಲರೂ ಅಂದೆವು. ಅಂಗಳದಲ್ಲಿ ಬ್ಯಾರೆಲ್ ಇಟ್ಟವರು ನಾವೇ ಆದ್ದರಿಂದ ಆ ತಪ್ಪು ನನ್ನ ತಲೆಗೇ ಬಂತು. ಪಕ್ಕದ ಮನೆಯ ಅಜ್ಜ ಮಾತ್ರ "ಮೂಗಿಗೆ ಇಂಬಳ ಹೊಕ್ಕಿರ್ತದೆ ಕಣೆ, ಉಪ್ಪು ನೀರು ಬಿಡು" ಅಂದರು. ಆ ವಾರ ಎಷ್ಟು ಜನ ಬಂದರೋ ಅಷ್ಟು ರೋಗಗಳ ಹೆಸರು ಕೇಳಿದೆ.

ಪಶು ಆಸ್ಪತ್ರೆಯ ಡಾಕ್ಟರು ಕಿವಿಯ ಸಂದು ನೋಡಿದರು. ಉಣುಗು ಇತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಉಣುಗಿಲ್ಲದ ನಾಯಿ ಎಲ್ಲಿದೆ? ಕಿಟ್‌ನಲ್ಲಿ ರಕ್ತ ಹಾಕಿ ನೋಡಿದಾಗ ಉಣುಗಿನಿಂದ ಹರಡುವ ಎರ್ಲಿಕಿಯಾ ಸೋಂಕಿಗೆ ಗೆರೆ ಬಂತು. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ 28 ದಿನ, ಎರಡು ಬಾಟಲಿ ಡ್ರಿಪ್, ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಮರುದಿನ ಬೆಳಿಗ್ಗೆ ಕೆಂಚಿ ಕೊಟ್ಟಿಗೆಯ ಹಿಂದೆ ಕೇರೆ ಹಾವನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ಉಣುಗಿನ ಜ್ವರವೇ, ಮುಗೀತು ಅಂದುಕೊಂಡೆವು.

ಆ ಗೆರೆಯ ಬಗ್ಗೆ ಒಂದು ಮಾತು. ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು. ಒಮ್ಮೆ ಸೋಂಕು ತಗುಲಿ ವಾಸಿಯಾದ ನಾಯಿಯಲ್ಲೂ ಆ ಗೆರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬರುತ್ತದೆ. ಮಲೆನಾಡಿನ ನಾಯಿಗೆ ಗೆರೆ ಬಂತು ಅಂದರೆ ಅದಕ್ಕೆ ಎಂದೋ ಉಣುಗು ಕಚ್ಚಿತ್ತು ಅನ್ನುವಷ್ಟೇ ಖಾತ್ರಿ. ಈಗಿನ ಕಾಯಿಲೆಗೆ ಅದೇ ಕಾರಣ ಅಂತಲ್ಲ. ಇದು ನನಗೆ ತಿಳಿದಿದ್ದು ಮೂರು ತಿಂಗಳ ಮೇಲೆ. ಹಾಗಂತ ಮೊದಲ ಡಾಕ್ಟರನ್ನು ದೂರುವುದಿಲ್ಲ. ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಇತ್ತು, ಉಣುಗು ಕಣ್ಣೆದುರಿಗೇ ಇತ್ತು, ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು.

ಉಣುಗು ಅಂದ ಕೂಡಲೇ ಊರಲ್ಲಿ ಇನ್ನೊಂದು ಗಲಾಟೆ ಎದ್ದಿತು: ಮಂಗನ ಕಾಯಿಲೆ. ಅದು ಮೊದಲು ಗೊತ್ತಾದದ್ದೇ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ನಮ್ಮ ಕಡೆ ಆ ಹೆಸರಿಗೆ ಜನ ಹೆದರುವುದು ಸುಮ್ಮನೆ ಅಲ್ಲ. ಕೆಲಸದವಳು ಎರಡು ದಿನ ಬರಲಿಲ್ಲ. ಆ ಕಾಯಿಲೆ ನಾಯಿಯಿಂದ ನೇರವಾಗಿ ಮನುಷ್ಯರಿಗೆ ಅಂಟುವುದಿಲ್ಲ, ಹೆಚ್ಚಾಗಿ ಕಾಡಿನ ಉಣುಗು ಕಚ್ಚಿಯೇ ಬರುವುದು. ಆದರೆ ಕಾಡಿಗೆ ಹೋಗಿ ಬರುವ ನಾಯಿ, ದನಗಳು ಆ ಉಣುಗನ್ನು ಮೈಮೇಲೆ ಹೊತ್ತು ತರಬಹುದು, ಹಾಗಾಗಿ ಮೈ ನೋಡುವುದನ್ನು ಬಿಡಬೇಡಿ. ಕೀಳುವಾಗ ಬರಿಗೈ ಬೇಡ.

ಗೌರಿ ಹಬ್ಬ ಬಂತು. ಮನೆ ತುಂಬ ನೆಂಟರು. ಗಣಪತಿ ಬಿಟ್ಟ ದಿನ ಕೆಂಚಿ ಮತ್ತೆ ಬಿದ್ದಳು. ಮತ್ತೆ ಡ್ರಿಪ್, ಮತ್ತೆ ಇಂಜೆಕ್ಷನ್, ಮತ್ತೆ ಮರುದಿನ ಓಟ. ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಈ ಸಲ ಕಪ್ಪಗೆ ಟಾರಿನಂಥ ಭೇದಿ. ಇಪ್ಪತ್ತೆರಡು ಕೆ.ಜಿ. ಇದ್ದವಳು ಹದಿನೆಂಟಕ್ಕೆ ಇಳಿದಳು. ಎಲ್ಲಿ ಹುಡುಕಿದರೂ ಕಾಣದೆ ಕೊನೆಗೆ ಬಚ್ಚಲುಮನೆಯ ಒಲೆಯ ಬೂದಿಯಲ್ಲಿ ಸಿಗುತ್ತಿದ್ದಳು. ಮುಟ್ಟಿದರೆ ಮೈ ತಣ್ಣಗೆ. ಹಂಡೆಗೆ ಉರಿ ಹಾಕುವ ನೆಪದಲ್ಲಿ ನಾನೂ ಅಲ್ಲೇ ಕೂತು ಅಳುತ್ತಿದ್ದೆ. ಹೊಗೆಯಿಂದ ಕಣ್ಣು ಕೆಂಪಾಗಿದೆ ಅಂದರೆ ಯಾರೂ ಕೇಳುವುದಿಲ್ಲವಲ್ಲ.

ಪೇಟೆಯ ಒಂದು ಖಾಸಗಿ ಕ್ಲಿನಿಕ್‌ಗೆ ಒಯ್ದೆವು. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 3.8ಕ್ಕೆ ಏರಿತ್ತು. "ಕಿಡ್ನಿ ಹೋಗಿದೆ, ಹೆಚ್ಚು ದಿನ ಇಲ್ಲ" ಅಂದರು. ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸುವ ಮಾತೂ ಬಂತು. ಆ ರಾತ್ರಿ ನಾನು ಮತ್ತು ನಮ್ಮ ಯಜಮಾನರು ಜಗಲಿಯಲ್ಲಿ ಕೂತು ಒಂದು ಚೀಟಿ ಬರೆದೆವು. ಡ್ರಿಪ್ ಕೊಟ್ಟ ಮೇಲೂ ಎರಡು ದಿನ ತಾನಾಗಿ ಎದ್ದು ನಿಲ್ಲದಿದ್ದರೆ, ನೀರು ಕುಡಿಯದಿದ್ದರೆ, ಆಗ ಒಪ್ಪಿಕೊಳ್ಳುವುದು. ಅದಕ್ಕೆ ಮೊದಲು ಆ ಮಾತು ಎತ್ತುವುದು ಬೇಡ. ನೀವು ಹೇಗೆ ತಡೆದುಕೊಂಡಿರಿ ಅಂತ ಕೇಳಿದಿರಲ್ಲ, ನನಗೆ ದಿಟವಾಗಿ ಆಧಾರವಾಗಿದ್ದು ಆ ಚೀಟಿ. ಅಲ್ಲಿಯವರೆಗೆ ದಿನಾ ರಾತ್ರಿ ಎರಡು ಗಂಟೆಗೆ ಎದ್ದು "ಇವಳನ್ನು ಹಿಂಸೆಯಲ್ಲಿ ಇಟ್ಟಿದ್ದೀನಾ" ಅಂತ ಹೊಸದಾಗಿ ಲೆಕ್ಕ ಹಾಕುತ್ತಿದ್ದೆ. ಗಡಿ ಎಲ್ಲಿ ಅಂತ ಹಗಲು ಹೊತ್ತಿನಲ್ಲಿ, ಇಬ್ಬರೂ ಸೇರಿ ಬರೆದಿಟ್ಟ ಮೇಲೆ ರಾತ್ರಿ ಆ ಲೆಕ್ಕ ಇಲ್ಲವಾಯಿತು. ನಿದ್ದೆಯನ್ನೂ ಹಂಚಿಕೊಂಡೆವು, ಹನ್ನೆರಡರವರೆಗೆ ನಾನು, ಆಮೇಲೆ ಅವರು.

ಅತ್ತೆಯದು ಇನ್ನೊಂದು ದಾರಿ. "ಹಸುವಿಗಾದ್ರೆ ಖರ್ಚು ಮಾಡು, ಹಾಲು ಕೊಡ್ತದೆ. ನಾಯಿಗೆ ಇಷ್ಟು ದುಡ್ಡು ಸುರಿಯೋದಾ?" ಅಂತ ದಿನಕ್ಕೊಮ್ಮೆ ಆಗಬೇಕು. ಅದೇ ಅತ್ತೆ ಚೌಡಿಗೆ ಕಾಯಿ ಹರಕೆ ಹೊತ್ತಿದ್ದು ನನಗೆ ಆಮೇಲೆ ಗೊತ್ತಾಯಿತು.

ದೀಪಾವಳಿಯ ಮರುದಿನ ಕೆಂಚಿ ಪೂರ್ತಿ ಮಲಗಿದಳು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೊರಟೆವು. ಅರವತ್ತು ಕಿಲೋಮೀಟರ್, ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ಮಂಡಗದ್ದೆ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಆನೆಯ ವಾಸನೆ ಬಡಿಯಿತೋ ಏನೋ, ಒಂದು ಸಲ ಮೂಗು ಎತ್ತಿದಳು.

ಅಲ್ಲಿನ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಗಡಿಯಾರ ನೋಡಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಇಷ್ಟು ಸುಸ್ತಾದ ನಾಯಿಯ ಎದೆ ಓಡ್ತಾ ಇರ್ಬೇಕಮ್ಮ. ಇದು ನಡೀತಾ ಇದೆ," ಅಂದರು. ಆಮೇಲೆ ಕೇಳಿದರು, "ಇದುವರೆಗೆ ಎಷ್ಟು ಸಲ ಬಿದ್ದಿದ್ದಾಳೆ? ಯಾವ ಯಾವ ದಿನ? ಆವತ್ತು ಮನೆಯಲ್ಲಿ ಏನು ನಡೀತಿತ್ತು?"

ನನಗೆ ಬಾಯಿ ಬರಲಿಲ್ಲ. ಒಂದು ಚೀಲ ರಿಪೋರ್ಟ್ ಇತ್ತು ಕೈಯಲ್ಲಿ, ದಿನ ಒಂದೂ ಸರಿಯಾಗಿ ನೆನಪಿಲ್ಲ. ಯಜಮಾನರು ಮನೆಗೆ ಫೋನ್ ಮಾಡಿದರು. ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಹಸುವಿಗೆ ಇಂಜೆಕ್ಷನ್ ಹಾಕಿಸಿದ ದಿನ, ಆಳುಗಳ ಲೆಕ್ಕ ಎಲ್ಲ ಗುರುತು ಹಾಕುತ್ತಾರೆ. ಸ್ಪೀಕರ್ ಹಾಕಿದೆವು. ಅತ್ತೆ ಕನ್ನಡಕ ಹುಡುಕಿ ಓದಿದರು: "ಆಗಸ್ಟ್ ಒಂಬತ್ತು, ಔಷಧಿ ಹೊಡೆಯೋರು ನಾಲ್ಕು ಜನ. ಹತ್ತು, ನಾಯಿ ಅನ್ನ ಅಕ್ಕಚ್ಚಿಗೆ. ಸೆಪ್ಟೆಂಬರ್ ಹತ್ತು ಚೌತಿ. ಹನ್ನೊಂದು, ನಾಯಿ ಅನ್ನ ಅಕ್ಕಚ್ಚಿಗೆ. ಅಕ್ಟೋಬರ್ ಹದಿನಾರು, ಸುಣ್ಣ ಹೊಡೆಯೋರು. ಹದಿನೇಳು, ಅಕ್ಕಚ್ಚಿಗೆ…" ಕೆಂಚಿ ಬಿಟ್ಟ ಅನ್ನ ಹಸುವಿನ ಅಕ್ಕಚ್ಚಿಗೆ ಸೇರಿದ ದಿನ ಅವರಿಗೆ ಲೆಕ್ಕದ ವಿಷಯ, ಹಾಗಾಗಿ ಒಂದೂ ತಪ್ಪಿರಲಿಲ್ಲ.

ಹೊರಗಿನ ಜನ ಬಂದಾಗೆಲ್ಲ ನಾವು ಕೆಂಚಿಯನ್ನು ಕಟ್ಟಿಹಾಕುತ್ತಿದ್ದೆವು. ಅವಳು ದಿನವಿಡೀ ಬೊಗಳಿ ಬೊಗಳಿ ದಣಿಯುತ್ತಿದ್ದಳು. ಮರುದಿನ ಬೀಳುತ್ತಿದ್ದಳು. ದೀಪಾವಳಿಗೆ ಪಟಾಕಿ. ಮೈಲುತುತ್ತ ಅಲ್ಲವೇ ಅಲ್ಲ.

ಡಾಕ್ಟರು ಮೊದಲು ನೋಡಿದ್ದು ಸೋಡಿಯಂ, ಪೊಟ್ಯಾಷಿಯಂ. ಅಲ್ಲಿಯವರೆಗಿನ ಯಾವ ರಿಪೋರ್ಟಿನಲ್ಲೂ ಅವು ಇರಲಿಲ್ಲ. ಸೋಡಿಯಂ 128, ಪೊಟ್ಯಾಷಿಯಂ 7.1. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 18. ಆರೋಗ್ಯವಾಗಿರುವ ನಾಯಿಯಲ್ಲಿ ಅದು 27ಕ್ಕಿಂತ ಮೇಲಿರಬೇಕು. ಇದಕ್ಕೆ ಅಡಿಸನ್ ಕಾಯಿಲೆ ಅನ್ನುತ್ತಾರೆ. 1855ರಲ್ಲಿ ಥಾಮಸ್ ಅಡಿಸನ್ ಅನ್ನುವ ಇಂಗ್ಲಿಷ್ ವೈದ್ಯ ಮನುಷ್ಯರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಅಮೆರಿಕದ ಅಧ್ಯಕ್ಷ ಕೆನಡಿಗೂ ಇದೇ ಇತ್ತಂತೆ, ನಮ್ಮ ಕೆಂಚಿಗೂ ಬಂತು.

ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಕಿಡ್ನಿಯ ಪಕ್ಕ ಅಡ್ರಿನಲ್ ಅಂತ ಒಂದು ಜೊತೆ ಪುಟ್ಟ ಗ್ರಂಥಿಗಳಿವೆ. ಅವು ಕೊಡುವ ಒಂದು ರಸ ಮೈಯಲ್ಲಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಷಿಯಂ ಅನ್ನು ಹೊರಗೆ ಹಾಕುತ್ತದೆ. ಇನ್ನೊಂದು, ಕಾರ್ಟಿಸೋಲ್, ಗಾಬರಿ ದಣಿವು ಬಂದಾಗ ಮೈ ತಡೆದುಕೊಳ್ಳುವಂತೆ ಮಾಡುತ್ತದೆ. ಮೈಯ ಸ್ವಂತ ಕಾವಲೇ ತಿರುಗಿ ಬಿದ್ದು ಆ ಗ್ರಂಥಿಯನ್ನು ತಿಂದುಹಾಕಿದರೆ ಉಪ್ಪು ಮೂತ್ರದಲ್ಲಿ ಹೋಗುತ್ತದೆ, ಜೊತೆಗೆ ನೀರೂ. ರಕ್ತದ ಒತ್ತಡ ಬಿದ್ದು ಕಿಡ್ನಿಗೆ ರಕ್ತ ಸಾಲದೆ ಕ್ರಿಯಾಟಿನಿನ್ ಏರುತ್ತದೆ. ಅಂದರೆ ಕಿಡ್ನಿ ಹೋಗಿರಲಿಲ್ಲ, ಅದಕ್ಕೆ ರಕ್ತ ಬರುತ್ತಿರಲಿಲ್ಲ. ಪೊಟ್ಯಾಷಿಯಂ ಏರಿ ಎದೆಬಡಿತ ನಿಧಾನವಾಗುತ್ತದೆ. ಉಪ್ಪುನೀರಿನ ಡ್ರಿಪ್ ಮತ್ತು ಸ್ಟೀರಾಯ್ಡ್ ಕೊಟ್ಟರೆ ಇಲ್ಲದ್ದನ್ನೇ ಕೊಟ್ಟಂತೆ, ಅದಕ್ಕೇ ಪ್ರತಿ ಸಲ ಮರುದಿನ ಎದ್ದು ಓಡಿದ್ದು. ಪಾಪ, ಡಾಕ್ಸಿಸೈಕ್ಲಿನ್‌ಗೆ ಸುಮ್ಮನೆ ಹೆಸರು ಬಂದಿತ್ತು. ಈ ಕಾಯಿಲೆ ಹೆಣ್ಣುನಾಯಿಗಳಲ್ಲಿ, ಅದೂ ಎಳೆಯ ಮತ್ತು ನಡುವಯಸ್ಸಿನವುಗಳಲ್ಲಿ ಹೆಚ್ಚು.

ಅಂದೇ ಹೃದಯ ಕಾಪಾಡಲು ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ನಿಧಾನವಾಗಿ ಬಿಟ್ಟರು, ಡ್ರಿಪ್ ಹಾಕಿದರು. ಮಲ ಪರೀಕ್ಷೆಯನ್ನೂ ಮಾಡಿದರು, ಯಾಕೆಂದರೆ ಕರುಳಿನಲ್ಲಿ ಚಾಟಿಹುಳ ತುಂಬಿದ್ದರೂ ಸೋಡಿಯಂ ಪೊಟ್ಯಾಷಿಯಂ ಹೀಗೇ ಏರುಪೇರಾಗಬಹುದಂತೆ. ಖಾತ್ರಿ ಮಾಡಿಕೊಳ್ಳಲು, ಅಡ್ರಿನಲ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಎಸಿಟಿಎಚ್ ಅನ್ನುವ ಇಂಜೆಕ್ಷನ್ ಕೊಟ್ಟು, ಮೊದಲು ಒಮ್ಮೆ, ಒಂದು ಗಂಟೆ ಬಿಟ್ಟು ಒಮ್ಮೆ ರಕ್ತ ತೆಗೆದು ಕಾರ್ಟಿಸೋಲ್ ನೋಡಬೇಕು. ರಕ್ತ ಬೆಂಗಳೂರಿಗೆ ಹೋಯಿತು. ಎರಡೂ ಸಲ 1ಕ್ಕಿಂತ ಕಡಿಮೆ, ಅಂದರೆ ಗ್ರಂಥಿ ಕೆಲಸ ಮಾಡುತ್ತಿರಲಿಲ್ಲ.

ರೋಗದ ಹೆಸರು ಗೊತ್ತಾದ ರಾತ್ರಿ ಅಳು ಬರಲಿಲ್ಲ, ಹಸಿವಾಯಿತು. ಮನೆಗೆ ಬಂದು ನಿಂತುಕೊಂಡೇ ನಾಲ್ಕು ಕಡುಬು ತಿಂದೆ.

ಈಗ ಬೆಳಿಗ್ಗೆ ಉಪ್ಪು ಹಿಡಿದಿಡುವ ರಸದ ಬದಲಿಗೆ ಫ್ಲೂಡ್ರೋಕಾರ್ಟಿಸೋನ್ 0.1 ಮಿಲಿಗ್ರಾಂನ ನಾಲ್ಕು ಮಾತ್ರೆ, ಕಾರ್ಟಿಸೋಲ್ ಬದಲಿಗೆ ಚೂರೇ ಚೂರು ಪ್ರೆಡ್ನಿಸೊಲೋನ್, ಬೆಣ್ಣೆ ಸವರಿದ ಕಡುಬಿನ ತುಂಡಿನಲ್ಲಿ. ಜೀವನಪೂರ್ತಿ. ಅಡಿಕೆ ಕೊನೆ ಕೊಯ್ಯುವ ಕೊನೆಗಾರರು ಬರುವ ದಿನ, ಅಡಿಕೆ ಸುಲಿಯುವ ದಿನಗಳಲ್ಲಿ ಪ್ರೆಡ್ನಿಸೊಲೋನ್ ಎರಡರಷ್ಟು ಕೊಡಲು ಡಾಕ್ಟರು ಹೇಳಿದ್ದಾರೆ, ಕಟ್ಟುವುದನ್ನು ಬಿಟ್ಟು ಮಾಳಿಗೆಯಲ್ಲಿ ಇಡುತ್ತೇವೆ. ಮೂರು ನಾಲ್ಕು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಹೆಸರು ತಿಳಿಯುವ ಮುಂಚೆ ಮೂರು ತಿಂಗಳಿಗೆ ಇಪ್ಪತ್ಮೂರು ಸಾವಿರ ಹೋಗಿತ್ತು, ತಿಳಿದ ಮೇಲೆ ಅದಕ್ಕಿಂತ ಎಷ್ಟೋ ಕಡಿಮೆ. ಇದನ್ನು ನಿಮ್ಮ ಮನೆಯವರಿಗೆ ಬೇಕಾದರೆ ಓದಿ ಹೇಳಿ.

ನಿಮ್ಮ ಲ್ಯಾಬ್‌ಗೆ ಬೇರೆ ಏನಾದರೂ ಇರಬಹುದು. ಬೆಬೀಸಿಯಾ ಗಿಬ್ಸೋನಿ ಅನ್ನುವ ಸಣ್ಣ ಪರೋಪಜೀವಿ ಗಾಜಿಗೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಪ್ಪಿಸಿಕೊಂಡು, ರೋಗಾಣುವಿನ ವಂಶವಾಹಿ ಹುಡುಕುವ ಪಿಸಿಆರ್‌ನಲ್ಲಿ ಸಿಗುವುದುಂಟು, ಅದೂ ಹೀಗೇ ಬಂದು ಹೋಗಿ ಆಡಿಸುತ್ತದೆ. ಮುಂದಿನ ಸಲ ಹೋದಾಗ "ಇದು ಅಲ್ಲದಿದ್ದರೆ ಇನ್ನೇನಿರಬಹುದು?" ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ. ಸೋಡಿಯಂ, ಪೊಟ್ಯಾಷಿಯಂ ನೋಡಿಸಿ. ಒಮ್ಮೆ ಸುಮ್ಮನೆ ತೆಗೆದ ರಕ್ತದಲ್ಲಿ ಕಾರ್ಟಿಸೋಲ್ ಡೆಸಿಲೀಟರಿಗೆ 2 ಮೈಕ್ರೊಗ್ರಾಂಗಿಂತ ಹೆಚ್ಚಿದ್ದರೆ ಅಡಿಸನ್ ಬಹುಮಟ್ಟಿಗೆ ಅಲ್ಲ ಅಂತಾಗುತ್ತದೆ, ಎಸಿಟಿಎಚ್ ಕೊಟ್ಟು ಮಾಡುವ ದೊಡ್ಡ ಪರೀಕ್ಷೆಯ ಖರ್ಚು ಉಳಿಯುತ್ತದೆ. ಆದರೆ ಪ್ರೆಡ್ನಿಸೊಲೋನ್ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ, ಪರೀಕ್ಷೆಯಲ್ಲಿ ಆ ಮಾತ್ರೆಯೇ ಕಾರ್ಟಿಸೋಲ್ ಅಂತ ಲೆಕ್ಕಕ್ಕೆ ಬಂದುಬಿಡುತ್ತದೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಮತ್ತೆ, ನೋವು ನೋಡಲಾಗದೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್ ಯಾವುದನ್ನೂ ಕೊಡಬೇಡಿ. ನಾಯಿಗೆ ಅವು ವಿಷವಾಗಬಹುದು.

ನೀವು ಬರೆದದ್ದರಲ್ಲಿ "ಒಂದು ವಾರ ಹುಷಾರು, ಒಂದು ವಾರ ಮಂಕು" ಅಂತಿದೆ. ಅದು ಯಾವ ವಾರಗಳು? ನಿಮ್ಮ ಮನೆಯಲ್ಲೂ ಯಾರಾದರೂ ಕ್ಯಾಲೆಂಡರ್ ಮೇಲೆ ಏನಾದರೂ ಗೀಚುತ್ತಿರುತ್ತಾರೆ, ಒಮ್ಮೆ ನೋಡಿ, ಸಿಕ್ಕಿದರೆ ಇಲ್ಲೇ ಕೆಳಗೆ ಬರೆಯಿರಿ. ನಾನು ರಾತ್ರಿ ಹತ್ತರ ಮೇಲೆ ನೋಡುತ್ತೇನೆ, ನಮ್ಮಲ್ಲಿ ಮಳೆಗೆ ಕರೆಂಟು ಹೋಗದಿದ್ದರೆ.