ಇಂಗ್ಲಿಷ್‌ನ 'ಅಕಿನ್' ಪದಕ್ಕೆ ಅರ್ಥ ಏನು, ಹೇಗೆ ಬಳಸೋದು?

ಅಕಿನ್ ಅಂದ್ರೆ ಮೊದಲ ಅರ್ಥ ರಕ್ತಸಂಬಂಧ ಇರೋದು, ಆದ್ರೆ ಈಗ ಜಾಸ್ತಿ ಬಳಸೋದು 'ಅದೇ ಥರದ್ದು, ಹೆಚ್ಚುಕಮ್ಮಿ ಅದೇ ಜಾತಿಗೆ ಸೇರಿದ್ದು' ಅನ್ನೋ ಅರ್ಥದಲ್ಲಿ. ಹೇಳುವಾಗ ಒತ್ತು 'ಕಿನ್' ಮೇಲೆ ಬೀಳ್ಬೇಕು.

'ಆಫ್ ಕಿನ್' ಅನ್ನೋದು ಸವೆದು ಸವೆದು 16ನೇ ಶತಮಾನದಲ್ಲಿ ಅಕಿನ್ ಆಯ್ತು. ಕಿನ್ ಅಂದ್ರೆ ಬಂಧುಬಳಗ, ಆಸ್ಪತ್ರೆ ಫಾರಂನಲ್ಲಿ 'ನೆಕ್ಸ್ಟ್ ಆಫ್ ಕಿನ್' ಅಂತ ಕೇಳ್ತಾರಲ್ಲ, ಅದೇ ಕಿನ್. ಮಜಾ ಏನಪ್ಪಾ ಅಂದ್ರೆ ಈ ಕಿನ್ ಮತ್ತೆ ನಾವು ದಿನಾ ಬಳಸೋ ಸಂಸ್ಕೃತದ ಜನ, ಜನ್ಮ ಎಲ್ಲಾ ಒಂದೇ ಇಂಡೋ-ಯುರೋಪಿಯನ್ (ಸಂಸ್ಕೃತ, ಇಂಗ್ಲಿಷ್ ಎರಡೂ ಸೇರೋ ಭಾಷಾ ಕುಟುಂಬ) ಮೂಲದಿಂದ ಬಂದಿದ್ದು, ಅಂದ್ರೆ ಈ ಪದಗಳೇ ಒಂದಕ್ಕೊಂದು ಅಕಿನ್!

ಬಳಸುವಾಗ ತುಂಬಾ ಜನ ಎಡವೋದು ಎಲ್ಲಿ ಅಂದ್ರೆ, ಸಾಮಾನ್ಯವಾಗಿ ಇದಾದ್ಮೇಲೆ 'ಟು' ಬರುತ್ತೆ, 'ವಿತ್' ಅಲ್ಲ. 'ತುಳು ಈಸ್ ಅಕಿನ್ ಟು ಕನ್ನಡ' ಸರಿ, ಎರಡೂ ದ್ರಾವಿಡ ಭಾಷೆಗಳೇ. ಆದ್ರೆ 'ಅಕಿನ್ ಲ್ಯಾಂಗ್ವೇಜಸ್' ಅಂತ ನಾಮಪದಕ್ಕಿಂತ ಮೊದಲು ಹಾಕಿದ್ರೆ ವಿಚಿತ್ರವಾಗಿ ಕೇಳ್ಸುತ್ತೆ, ಅಲ್ಲಿಗೆ 'ಕಿಂಡ್ರೆಡ್' ಇಲ್ಲಾ 'ರಿಲೇಟೆಡ್' ಹಾಕಿ.

ಸಿಮಿಲರ್‌ಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಎರಡು ಶರ್ಟ್ ಒಂದೇ ಥರ ಇದ್ರೆ ಸಿಮಿಲರ್ ಸಾಕು, ಅಕಿನ್ ಅಂದ್ರೆ ಯಾಕೋ ಅತಿ ಆಯ್ತು ಅನ್ಸುತ್ತೆ. 'ಅವನಿಗೆ ಆಗಿದ್ದು ಭಯದ ಥರದ್ದೇ ಏನೋ ಒಂದು' ಅನ್ನೋ ಕಡೆ 'ಸಮ್‌ಥಿಂಗ್ ಅಕಿನ್ ಟು ಫಿಯರ್' ಚೆನ್ನಾಗಿ ಕೂರುತ್ತೆ. ಮಾತಿಗಿಂತ ಬರವಣಿಗೆಯ ಪದ ಇದು, ಫ್ರೆಂಡ್ಸ್ ಹತ್ರ 'ಲೈಕ್' ಅಂದ್ರೆ ಆಯ್ತು ಬಿಡಿ.